ತಂತಿ ಹಳತಾಯಿತೋ, ಕೀಲು ಸಡಿಲಾಯಿತೋ?

ಸೆಲ್ಫ್ ಹೊಡೆದಾಗ ಚೋಕ್ ಗುಬುಟು ಕೈ ಸುಡುತ್ತದೆ ಎಂದರೆ ಯಾರೂ ಒಮ್ಮೆಗೇ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್‌ನಲ್ಲಿ ಕೆಲಸಕ್ಕಿದ್ದ ದಿನಗಳಲ್ಲಿ ಗೆಳೆಯರೊಬ್ಬರ ಬಳಿ 1970ರ ಎಂಜಿಬಿ ಇತ್ತು. ಕಡುಹಸಿರು ಬಣ್ಣದ, ಮೇಲುಹೊದಿಕೆ ತೆಗೆದು ಓಡಿಸುವ, ಎರಡೇ ಸೀಟಿನ ಕಾರು. ಗೇರ್‌ಬಾಕ್ಸ್ ಕೆಲಸಕ್ಕೆಂದು ಒಂದು ವರ್ಕ್‌ಶಾಪಿಗೆ ಹೋಗಿ ಬಂದ ಮೇಲೆ ಅದಕ್ಕೊಂದು ರೋಗ ಅಂಟಿಕೊಂಡಿತು. ಕೀ ತಿರುಗಿಸಿದರೆ ಎಂಜಿನ್ ನರಳುತ್ತ ಅರ್ಧ ಸುತ್ತು ಸುತ್ತಿ ನಿಲ್ಲುತ್ತಿತ್ತು. ಬ್ಯಾಟರಿ ಬದಲಾಯಿಸಿದರು, ಸೆಲ್ಫ್ ಮೋಟಾರ್ ಬದಲಾಯಿಸಿದರು. ಕೊನೆಗೆ ಎಲ್ಲರೂ ಸೇರಿ ತೀರ್ಪು ಕೊಟ್ಟೆವು: ಇಷ್ಟು ವರ್ಷದ ವೈರಿಂಗ್, ಇನ್ನೆಷ್ಟು ದಿನ ಬಾಳೀತು? ಅವರು ಇಡೀ ಕಾರಿಗೆ ಹೊಸ ವೈರಿಂಗ್ ಹಾರ್ನೆಸ್, ಅಂದರೆ ಎಲ್ಲ ತಂತಿಗಳ ಸಿದ್ಧ ಕಟ್ಟು, ತರಿಸಿ, ಎರಡು ವಾರ ರಜೆ ಹಾಕಿ ಕೂರಿಸಿದರು. ರೋಗ ಇದ್ದ ಹಾಗೇ ಇತ್ತು.

ಮುಂದಿನ ಶನಿವಾರ ನಾನು ಸೀಟಿನಲ್ಲಿ ಕೂತು, ಒಂದು ಕೈಯಲ್ಲಿ ಚೋಕ್ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಕೀ ತಿರುಗಿಸಿದೆ. ಗುಬುಟು ಚುರ್ರೆಂದಿತು. ಬಾನೆಟ್ ಎತ್ತಿ ನೋಡಿದರೆ ಚೋಕ್ ಕೇಬಲ್ಲಿನ ಹೊರಕವಚದಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಆಗ ಹೊಳೆಯಿತು. ಎಂಜಿನ್ನೂ ಗೇರ್‌ಬಾಕ್ಸೂ ರಬ್ಬರ್ ದಿಂಬುಗಳ ಮೇಲೆ ಕೂತಿರುತ್ತವೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಆದ್ದರಿಂದ ಗೇರ್‌ಬಾಕ್ಸಿನಿಂದ ಬಾಡಿಗೆ ಹೆಣೆದ ತಾಮ್ರದ ಒಂದು ಪಟ್ಟಿ ಬಿಗಿದಿರುತ್ತಾರೆ. ಗೇರ್‌ಬಾಕ್ಸ್ ಇಳಿಸಿದವರು ಆ ಪಟ್ಟಿಯನ್ನು ಮತ್ತೆ ಹಾಕಿರಲಿಲ್ಲ. ಸೆಲ್ಫ್ ಎಳೆಯುವ ನೂರಾರು ಆಂಪಿಯರ್ ಕರೆಂಟು ಬ್ಯಾಟರಿಗೆ ಮರಳಲು ಬೇರೆ ದಾರಿ ಕಾಣದೆ, ಎಂಜಿನ್ನಿಗೂ ಬಾಡಿಗೂ ನಡುವೆ ಇದ್ದ ಬಡಪಾಯಿ ಚೋಕ್ ಕೇಬಲ್ಲನ್ನೇ ಹಿಡಿದು ಹೊರಟಿತ್ತು. ಒಂದು ಗೇಣು ಪಟ್ಟಿ, ಎರಡು ಬೋಲ್ಟು ಹಾಕಿದೆವು. ಎಂಜಿನ್ ಮೊದಲ ಪ್ರಯತ್ನಕ್ಕೇ ಹಿಡಿಯಿತು. ಬಿಚ್ಚಿ ಮೂಲೆಗೆ ಸುತ್ತಿಟ್ಟಿದ್ದ ಹಳೆಯ ಹಾರ್ನೆಸ್ಸನ್ನು ಆಮೇಲೆ ಕುತೂಹಲಕ್ಕೆ ಎಳೆಎಳೆಯಾಗಿ ಪರೀಕ್ಷಿಸಿದೆ. ಅದರಲ್ಲಿ ಕೆಟ್ಟಿದ್ದ ತಂತಿಗಳು ಮೂರೇ ಮೂರು.

ಹಳೆಯ ಸ್ಪೋರ್ಟ್ಸ್ ಕಾರಿನ ವೈರಿಂಗನ್ನು ರಿಪೇರಿ ಮಾಡಬೇಕೋ ಪೂರ್ತಿ ಬದಲಾಯಿಸಬೇಕೋ ಎಂಬ ಪ್ರಶ್ನೆ ಇಂಥ ಕಾರು ಇಟ್ಟುಕೊಂಡ ಎಲ್ಲರಿಗೂ ಒಂದಲ್ಲ ಒಂದು ದಿನ ಎದುರಾಗುತ್ತದೆ. ಇದಕ್ಕೆ ಎರಡು ಪಂಗಡಗಳಿವೆ. ಒಂದು ಪಂಗಡ ಎಲ್ಲವನ್ನೂ ಕಿತ್ತು ಹೊಸದು ಹಾಕಿಬಿಡಿ ಎನ್ನುತ್ತದೆ. ಇನ್ನೊಂದು, ಮೂಲದ್ದನ್ನು ಮುಟ್ಟಲೇಬೇಡಿ, ಟೇಪು ಸುತ್ತಿ ನಡೆಸಿ ಎನ್ನುತ್ತದೆ. ಎರಡೂ ಕಡೆ ತಪ್ಪಿದೆ. ನಾನು ಕಂಡಂತೆ ತೊಂದರೆಯ ಬಹುಪಾಲು ತಂತಿಯ ನಡುವೆ ಇರುವುದಿಲ್ಲ. ತಂತಿ ತಂತಿ ಕೂಡುವ ಕೀಲಿನಲ್ಲಿ, ತಂತಿ ಬಾಡಿಗೆ ಕೂಡುವ ಅರ್ಥ್‌ನಲ್ಲಿ ಇರುತ್ತದೆ. ಆದರೆ ತಂತಿಯೇ ನಿಜವಾಗಿ ಸತ್ತಿದ್ದರೆ ತೇಪೆ ಹಾಕುವುದು ಕಾರಿಗೂ ಒಳಗೆ ಕೂತವರಿಗೂ ಅಪಾಯ. ಯಾವುದು ಯಾವುದೆಂದು ಅಳೆದು ತಿಳಿಯುವುದೇ ಇಲ್ಲಿನ ವಿದ್ಯೆ.

ಬ್ರಿಟಿಷ್ ಕಾರುಗಳನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ, ಏಕೆಂದರೆ ಈ ಪ್ರಶ್ನೆ ಅತಿ ಹೆಚ್ಚು ಜನರನ್ನು ಕಾಡುವುದು ಅಲ್ಲಿ. ಎಂಜಿಬಿ 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಸಮೀಪದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾಯಿತು. ಟ್ರಯಂಫ್, ಆಸ್ಟಿನ್-ಹೀಲಿ, 1961ರಲ್ಲಿ ಬಂದ ಜಾಗ್ವಾರ್ ಇ-ಟೈಪ್ ಎಲ್ಲಕ್ಕೂ ವಿದ್ಯುತ್ ಸಾಮಾನು ಬಹುಪಾಲು ಒಂದೇ ಮನೆಯದು, ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್. ಹತ್ತೊಂಬತ್ತನೆಯ ಶತಮಾನದಲ್ಲಿ ಸೀಮೆಎಣ್ಣೆ ಮಾರುತ್ತಿದ್ದ ಜೋಸೆಫ್ ಲ್ಯೂಕಾಸ್ ಸೈಕಲ್ ದೀಪ ಮಾಡತೊಡಗಿ ಕಟ್ಟಿದ ಸಂಸ್ಥೆ ಅದು. ಹಳೆಯ ಕಾರುಗಳ ಮಂಕು ದೀಪ ನೋಡಿ ಲ್ಯೂಕಾಸನ್ನು ‘ಕತ್ತಲೆಯ ರಾಜಕುಮಾರ’ ಎಂದು ಹಂಗಿಸುವುದು ಇಂಗ್ಲಿಷ್ ಜನರಲ್ಲಿ ರೂಢಿ. ಈ ಹಂಗಿಸುವಿಕೆ ಅನ್ಯಾಯದ್ದು ಎಂದೇ ನನ್ನ ಅಭಿಪ್ರಾಯ. ಹತ್ತು ಹನ್ನೆರಡು ವರ್ಷ ಬಾಳಲೆಂದು ಮಾಡಿದ ವಸ್ತು ಮಳೆ, ಉಪ್ಪು, ಎಣ್ಣೆ, ಕೈಗೆ ಸಿಕ್ಕವರ ಕಟಿಂಗ್ ಪ್ಲೇಯರ್ ಎಲ್ಲವನ್ನೂ ತಾಳಿಕೊಂಡು ಅರ್ಧ ಶತಮಾನ ನಡೆದಿದ್ದರೆ ತಪ್ಪು ಅದನ್ನು ಮಾಡಿದವರದಲ್ಲ.

ನಮಗೂ ಈ ಹೆಸರು ಹೊಸದಲ್ಲ. 1961ರಲ್ಲಿ ಟಿವಿಎಸ್ ಸಂಸ್ಥೆ ಲ್ಯೂಕಾಸ್ ಜೊತೆ ಸೇರಿ ಮದರಾಸಿನಲ್ಲಿ ಲ್ಯೂಕಾಸ್-ಟಿವಿಎಸ್ ಆರಂಭಿಸಿತು. ಅದೇ ಕಾಲಕ್ಕೆ ಮದರಾಸಿನಲ್ಲಿಯೇ ಟ್ರಯಂಫ್ ಹೆರಾಲ್ಡ್ ಕಾರು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಹೊರಬರತೊಡಗಿತು. ನಮ್ಮ ಅಂಬಾಸಡರ್‌ನ 1489 ಸಿಸಿ ಎಂಜಿನ್ನೂ ಎಂಜಿಬಿಯ 1798 ಸಿಸಿ ಎಂಜಿನ್ನೂ ಬ್ರಿಟಿಷ್ ಕಾರು ಸಂಸ್ಥೆ ಬಿಎಂಸಿಯ ಒಂದೇ ಬಿ-ಸೀರೀಸ್ ವಂಶದವು. ಆದ್ದರಿಂದ ಅಂಬಾಸಡರ್‌ನ ಡೈನಮೊ, ಕಟ್‌ಔಟ್ ನೋಡಿ ಪಳಗಿದ ಹಳೆಯ ಆಟೊ ಎಲೆಕ್ಟ್ರಿಷಿಯನ್‌ಗೆ ಎಂಜಿಬಿಯ ಬಾನೆಟ್ ಎತ್ತಿ ತೋರಿಸಿದರೆ ಅವರು ದಿಕ್ಕು ತಪ್ಪುವುದಿಲ್ಲ. ಅಂಥವರು ಈಗ ಕಡಿಮೆಯಾಗುತ್ತಿದ್ದಾರೆ ಎಂಬುದೇ ಬೇಸರ.

ತಂತಿಯ ವಯಸ್ಸನ್ನು ಅದರ ಮೈ ನೋಡಿಯೇ ಹೇಳಬಹುದು. 1940ರ ದಶಕದ ಎಂಜಿ ಟಿಸಿ, ಜಾಗ್ವಾರ್ ಎಕ್ಸ್‌ಕೆ 120 ಮುಂತಾದವುಗಳಲ್ಲಿ ತಾಮ್ರದ ಮೇಲೆ ರಬ್ಬರ್, ರಬ್ಬರಿನ ಮೇಲೆ ಬಣ್ಣದ ಹತ್ತಿನೂಲಿನ ಹೆಣಿಗೆ. ನೋಡಲು ಬಲು ಚೆಂದ. ಆದರೆ ರಬ್ಬರ್ ಒಣಗಿ ಬಿರಿಯುತ್ತದೆ, ನೂಲು ಎಣ್ಣೆ ಕುಡಿದು ಬಣ್ಣ ಕಳೆದುಕೊಳ್ಳುತ್ತದೆ. ಮೇಲೆ ನೂಲು ಹಿಡಿದುಕೊಂಡಿರುವುದರಿಂದ ಒಳಗೆ ರಬ್ಬರ್ ಪುಡಿಯಾಗಿದ್ದರೂ ಹೊರಗೆ ಗೊತ್ತಾಗುವುದಿಲ್ಲ. ಮೋಸ ಇರುವುದು ಅಲ್ಲೇ. ಇಂಥ ತಂತಿ ಮೂಲದ್ದೇ ಆಗಿದ್ದರೆ ನಾನು ಎರಡು ಮಾತಾಡದೆ ಬದಲಾಯಿಸಿ ಎನ್ನುತ್ತೇನೆ. ಆಮೇಲೆ ಬಂದ ಪಿವಿಸಿ ಹೊದಿಕೆ ಇದಕ್ಕಿಂತ ಎಷ್ಟೋ ಗಟ್ಟಿ. ಅದರಲ್ಲಿ ಮೆದುತನಕ್ಕೆ ಬೆರೆಸಿದ ಅಂಶ ಕಾಲಕ್ರಮದಲ್ಲಿ ಹೊರಟುಹೋಗಿ, ಎಂಜಿನ್ ಬಿಸಿ ತಾಗುವ ಕಡೆ ತಂತಿ ಒಣಕಡ್ಡಿಯಂತೆ ಸೆಟೆದುಕೊಳ್ಳುತ್ತದೆ. ಡ್ಯಾಶ್‌ಬೋರ್ಡಿನ ಹಿಂದೆ ನೆರಳಿನಲ್ಲಿದ್ದ ಅದೇ ತಂತಿ ಇವತ್ತಿಗೂ ಹೊಸದರಂತೆ ಬಳುಕುತ್ತಿರುತ್ತದೆ. ಒಂದೇ ಕಾರಿನ ವೈರಿಂಗಿಗೆ ಒಂದೇ ವಯಸ್ಸಿಲ್ಲ ಎಂಬುದನ್ನು ನೆನಪಿಡಬೇಕು.

ಬ್ರಿಟಿಷರು ತಂತಿಗೆ ಬಣ್ಣದ ಭಾಷೆ ಕೊಟ್ಟರು. ಕಂದು ಎಂದರೆ ಬ್ಯಾಟರಿಯಿಂದ ನೇರ ಬಂದ, ಸದಾ ಜೀವಂತ ತಂತಿ. ಬಿಳಿ, ಕೀ ತಿರುಗಿಸಿದ ಮೇಲೆ ಜೀವ ಬರುವುದು. ಹಸಿರು, ಆ ಬಿಳಿಯೇ ಫ್ಯೂಸ್ ದಾಟಿ ಬಂದದ್ದು. ನೇರಳೆ, ಕಂದು ಫ್ಯೂಸ್ ದಾಟಿದ್ದು. ಹೆಡ್‌ಲೈಟಿಗೆ ನೀಲಿ: ಬ್ರೈಟಿಗೆ ನೀಲಿ-ಬಿಳಿ, ಡಿಪ್ಪಿಗೆ ನೀಲಿ-ಕೆಂಪು. ಸಣ್ಣ ದೀಪಗಳಿಗೆ ಕೆಂಪು, ಅರ್ಥ್‌ಗೆ ಕಪ್ಪು. ಇಷ್ಟು ಬಾಯಿಪಾಠವಾದರೆ ಕಗ್ಗಂಟಿನಂತೆ ಕಾಣುವ ಡ್ಯಾಶ್‌ಬೋರ್ಡಿನ ಹಿಂಭಾಗ ಓದಲು ಬರುವ ಪುಟವಾಗುತ್ತದೆ. ಈ ಪುಟದಲ್ಲಿ ಭಯಪಡಬೇಕಾದ್ದು ಕಂದು ತಂತಿಗೆ. ಆ ಕಾಲದ ಕಾರುಗಳಲ್ಲಿ ಅದಕ್ಕೆ ಫ್ಯೂಸೇ ಇಲ್ಲ. ಆರಂಭದ ಎಂಜಿಬಿಗಳಲ್ಲಿ ಇಡೀ ಕಾರಿಗೆ ಇದ್ದದ್ದು ಎರಡು ಫ್ಯೂಸ್. ಹೆಡ್‌ಲೈಟು, ಇಗ್ನಿಷನ್, ಪೆಟ್ರೋಲ್ ಪಂಪು ಎಲ್ಲ ಫ್ಯೂಸಿನ ಹೊರಗೆ. ತಗಡಿನ ತೂತಿನಲ್ಲಿ ಕಂದು ತಂತಿ ಹಾದುಹೋಗುವಲ್ಲಿ ಇರುವ ರಬ್ಬರ್ ಗ್ರೋಮೆಟ್ ಬಿರಿದು ಬಿದ್ದುಹೋಗಿ, ತಗಡಿನ ಅಂಚು ತಂತಿಯನ್ನು ಸವೆಸಿದರೆ ಬ್ಯಾಟರಿಯ ಇಡೀ ಶಕ್ತಿ ಅಲ್ಲಿ ಸುರಿಯುತ್ತದೆ. ತಡೆಯುವವರು ಯಾರೂ ಇಲ್ಲ. ನಿಂತ ಕಾರಿಗೆ, ಕೀ ಕೈಯಲ್ಲಿರುವಾಗಲೂ, ಬೆಂಕಿ ಹೊತ್ತಿಕೊಳ್ಳುವುದು ಹೀಗೆ.

ಜರ್ಮನ್ನರ ದಾರಿ ಬೇರೆ. ಅವರು ಬಣ್ಣಕ್ಕಿಂತ ಸಂಖ್ಯೆಯನ್ನು ನಂಬಿದರು: 30 ಎಂದರೆ ಬ್ಯಾಟರಿ, 15 ಎಂದರೆ ಕೀ ದಾಟಿದ್ದು, 31 ಎಂದರೆ ಅರ್ಥ್. ಇಂದು ಯಾವ ರಿಲೇ ಕೊಂಡರೂ ಅದರ ಕಾಲಿನ ಮೇಲೆ ಕಾಣುವ 30, 85, 86, 87 ಆ ಪರಂಪರೆಯವೇ. ಪೋರ್ಷೆ 356ರಂಥ 6 ವೋಲ್ಟಿನ ಕಾರುಗಳಲ್ಲಿ ಕೀಲಿನ ಸಮಸ್ಯೆ ಇನ್ನೂ ತೀವ್ರ. 12 ವೋಲ್ಟಿನ ಕಾರಿಗೆ ಹೋಲಿಸಿದರೆ ಅದೇ ವ್ಯಾಟಿನ ದೀಪಕ್ಕೆ ಕರೆಂಟು ಎರಡು ಪಟ್ಟು, ಕೀಲಿನಲ್ಲಿ ಹುಟ್ಟುವ ಬಿಸಿ ನಾಲ್ಕು ಪಟ್ಟು. ಅಮೆರಿಕದ ಕಾರ್ವೆಟ್, ಇಂಗ್ಲೆಂಡಿನ ಲೋಟಸ್ ಎಲಾನ್ ಫೈಬರ್‌ಗ್ಲಾಸ್ ಮೈಯ ಕಾರುಗಳು. ಅವುಗಳ ಬಾಡಿಯಲ್ಲಿ ಕರೆಂಟು ಹರಿಯುವುದೇ ಇಲ್ಲವಾದ್ದರಿಂದ ಪ್ರತಿ ದೀಪಕ್ಕೂ ಮರಳುವ ತಂತಿ ಬೇರೆ ಎಳೆಯಬೇಕು. ಅಲ್ಲಿ ಅರ್ಧ ತೊಂದರೆಗಳು ಆ ಕಪ್ಪು ತಂತಿಗಳಲ್ಲೇ ಇರುತ್ತವೆ.

ಕೀಲು ಎಂದೆನಲ್ಲ, ಅದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬ್ರಿಟಿಷ್ ಕಾರಿನ ರೇಡಿಯೇಟರ್ ಪಕ್ಕದಲ್ಲಿ ಕೈ ಹಾಕಿದರೆ ಕಪ್ಪು ರಬ್ಬರ್ ತೋಳು ತೊಟ್ಟ ಸಣ್ಣ ಕೊಳವೆಗಳು ಸಿಗುತ್ತವೆ. ಒಳಗೊಂದು ಲೋಹದ ಕೊಳವೆ. ಎರಡು ಕಡೆಯಿಂದ ತಂತಿಯ ತುದಿಗೆ ಹಾಕಿದ ಹಿತ್ತಾಳೆಯ ಬುಲೆಟ್ ಬಂದು ಅದರೊಳಗೆ ಕಚ್ಚಿಕೊಳ್ಳುತ್ತದೆ. ಇದೇ ಬುಲೆಟ್ ಕನೆಕ್ಟರ್. ಎಳೆಯಲು ಹೋದರೆ ಬರುವುದಿಲ್ಲ, ತಂತಿಯೇ ಕಿತ್ತು ಬರುತ್ತದೆ. ಬುಲೆಟ್ ಹಿಡಿದು ಮೆಲ್ಲಗೆ ತಿರುಚುತ್ತ ತೆಗೆಯಬೇಕು. ತೆಗೆದಾಗ ಕಾಣುವುದು ನಮ್ಮ ಅಡುಗೆಮನೆಗಳಿಗೆ ಚೆನ್ನಾಗಿ ಗೊತ್ತಿರುವ ವಸ್ತು: ಕಿಲುಬು. ತೊಳೆಯದೆ ಬಿಟ್ಟ ತಾಮ್ರದ ತಂಬಿಗೆಯ ಮೇಲೆ ಬರುವ ಅದೇ ಹಸಿರು. ಮಳೆನೀರು ರಬ್ಬರ್ ತೋಳಿನೊಳಗೆ ಇಳಿದು, ಒಣಗಲಾರದೆ, ಮುಂಭಾಗದ ಎಂಟು ಹತ್ತು ಕೀಲುಗಳನ್ನು ಹೀಗೆ ತಿಂದಿರುತ್ತದೆ. ತಂಬಿಗೆ ಬೆಳಗಿದ ಹಾಗೆ ಹುಣಸೆಹಣ್ಣು, ನಿಂಬೆರಸ ಹಾಕಿ ಉಜ್ಜಿದರೆ ಹೊಳಪೇನೋ ಬರುತ್ತದೆ. ಆದರೆ ಹುಳಿ ಕೊಳವೆಯೊಳಗೆ, ಎಳೆಗಳ ಸಂದಿಯಲ್ಲಿ ಉಳಿದು ತಿಂಗಳೊಳಗೆ ಇನ್ನಷ್ಟು ಕೆಡಿಸುತ್ತದೆ, ಅದನ್ನು ಮಾಡಬೇಡಿ. ನಯವಾದ ಉಪ್ಪುಕಾಗದದಿಂದ ಬುಲೆಟ್ ಉಜ್ಜಿ, ಕೊಳವೆಯನ್ನು ಹೊಸದು ಹಾಕಿ, ಕೂಡಿಸುವ ಮೊದಲು ಚಿಟಿಕೆ ವ್ಯಾಸಲೀನ್ ಸವರಿದರೆ ಸಾಕು.

ಒಂದು ಕಿಲುಬುಗಟ್ಟಿದ ಕೀಲಿನ ಅಡ್ಡಿ ಬರೀ 0.1 ಓಮ್ ಎಂದುಕೊಳ್ಳಿ. ಹೆಡ್‌ಲೈಟಿನ 10 ಆಂಪಿಯರ್ ಅದರಲ್ಲಿ ಹರಿದರೆ 1 ವೋಲ್ಟು ಅಲ್ಲೇ ಕಳೆದುಹೋಗುತ್ತದೆ, 10 ವ್ಯಾಟಿನಷ್ಟು ಬಿಸಿ ಆ ಬೆರಳುತುದಿಯಷ್ಟು ಜಾಗದಲ್ಲಿ ಹುಟ್ಟುತ್ತದೆ. ಬಿಸಿಗೆ ಕಿಲುಬು ಹೆಚ್ಚುತ್ತದೆ, ಕಿಲುಬಿಗೆ ಬಿಸಿ ಹೆಚ್ಚುತ್ತದೆ. ದೀಪದ ಕಡೆಯ ಲೆಕ್ಕ ಇನ್ನೂ ಕಟು. ತಂತು ಬಲ್ಬಿನ ಬೆಳಕು ವೋಲ್ಟೇಜಿಗೆ ಸರಿಸಮನಾಗಿ ಇಳಿಯುವುದಿಲ್ಲ, ಅದಕ್ಕಿಂತ ಬಹಳ ಬೇಗ ಇಳಿಯುತ್ತದೆ: ವೋಲ್ಟೇಜ್ ಶೇ. 10ರಷ್ಟು ತಗ್ಗಿದರೆ ಬೆಳಕು ಹತ್ತಿರಹತ್ತಿರ ಶೇ. 30ರಷ್ಟು ತಗ್ಗುತ್ತದೆ. ಹಳೆಯ ಕಾರಿನ ದೀಪ ಮಿಣುಕುದೀಪವಾಗುವುದು ಇದರಿಂದ.

ಆದ್ದರಿಂದ ಮೊದಲ ಕೆಲಸ ಅಳತೆ. ಅದಕ್ಕೆ ಬೇಕಾದ್ದು ಸಾಧಾರಣ ಮಲ್ಟಿಮೀಟರ್ ಒಂದು, ಉದ್ದನೆಯ ತಂತಿಯ ಕಡ್ಡಿ ಒಂದು. ಅನೇಕರು ದೀಪ ಆರಿಸಿ ಓಮ್ ಅಳೆಯುತ್ತಾರೆ. ಅದರಿಂದ ಹೆಚ್ಚು ತಿಳಿಯುವುದಿಲ್ಲ. ಹದಿನಾಲ್ಕು ಎಳೆಗಳಲ್ಲಿ ಹದಿಮೂರು ಹರಿದು ಒಂದೇ ಉಳಿದಿದ್ದರೂ ಓಮ್ ಮೀಟರ್ ಎಲ್ಲ ಸರಿ ಎನ್ನುತ್ತದೆ. ದೀಪ ಉರಿಸಿ, ಕರೆಂಟು ಹರಿಯುತ್ತಿರುವಾಗಲೇ ವೋಲ್ಟ್ ಅಳೆಯಬೇಕು. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪಾಸಿಟಿವ್ ಕಂಬಕ್ಕೆ, ಇನ್ನೊಂದು ಬಲ್ಬಿನ ಪಾಸಿಟಿವ್ ತುದಿಗೆ. ಮೀಟರ್ ತೋರಿಸುವುದೇ ದಾರಿಯಲ್ಲಿ ಕಳೆದುಹೋದ ವೋಲ್ಟೇಜ್. ಅರ್ಧ ವೋಲ್ಟಿನೊಳಗೆ ಇದ್ದರೆ ಆ ಕಾಲದ ಕಾರಿಗೆ ಒಳ್ಳೆಯದು. ಆಮೇಲೆ ಬಲ್ಬಿನ ಅರ್ಥ್ ತುದಿಯಿಂದ ಬ್ಯಾಟರಿಯ ನೆಗೆಟಿವ್‌ಗೆ ಅಳೆಯಿರಿ, ಅಲ್ಲಿ 0.2 ವೋಲ್ಟು ದಾಟಿದರೆ ಅರ್ಥಿಂಗ್ ಕೆಟ್ಟಿದೆ. 1967ಕ್ಕಿಂತ ಹಿಂದಿನ ಎಂಜಿಬಿ ಮುಂತಾದವುಗಳಲ್ಲಿ ಪಾಸಿಟಿವ್ ಕಂಬವೇ ಬಾಡಿಗೆ ಕೂಡಿರುತ್ತದೆ. ಅಲ್ಲಿ ಇದೆಲ್ಲ ತಿರುಗುಮುರುಗು ಎಂಬುದು ನೆನಪಿರಲಿ. ಹೀಗೆ ಕೀಲಿನಿಂದ ಕೀಲಿಗೆ ಕಡ್ಡಿ ಸರಿಸುತ್ತ ಬಂದರೆ ಒಂದು ಮಧ್ಯಾಹ್ನದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ.

ಒಂದು ಮಾತು ಇಲ್ಲಿ ಹೇಳಲೇಬೇಕು. ಲಕ್ಷಗಟ್ಟಲೆ ಸುರಿದು ಹೊಸ ಬಣ್ಣ ಹೊಡೆಸಿ ತಂದ ಕಾರಿನಲ್ಲಿ ಇಂಡಿಕೇಟರ್ ಹಾಕಿದರೆ ಬ್ರೇಕ್ ಲೈಟು ಮಿನುಗುವುದು, ಡಿಪ್ ಹಾಕಿದರೆ ಸಣ್ಣ ದೀಪ ಮಂಕಾಗುವುದು ಬಹಳ ಸಾಮಾನ್ಯ. ಕಾರಣ ಬಣ್ಣವೇ. ಅರ್ಥ್ ತಂತಿಯ ಥಿಂಬಲ್ ಕೂರುವ ತಗಡಿನ ಮೇಲೂ ಬಣ್ಣ ಕೂತು, ಬಾಡಿಗೂ ತಂತಿಗೂ ಸಂಬಂಧ ಕಡಿದುಹೋಗಿರುತ್ತದೆ. ರೂಪಾಯಿ ಅಗಲದ ಜಾಗದಲ್ಲಿ ಬಣ್ಣ ಕೆರೆದು, ನಕ್ಷತ್ರ ವಾಷರ್ ಹಾಕಿ ಬಿಗಿದರೆ ಮುಗಿಯಿತು.

ಹಾಗಾದರೆ ಬದಲಾಯಿಸಬೇಕಾದ್ದು ಯಾವಾಗ? ತಂತಿಯನ್ನು ಬೆರಳಿಗೆ ಸುತ್ತಿದಾಗ ಹೊದಿಕೆ ಬಿರಿದರೆ. ತುದಿಯನ್ನು ಸುಲಿದಾಗ ತಾಮ್ರ ಕೆಂಪಗಿರದೆ ಕಪ್ಪಾಗಿದ್ದು, ಮೂರು ನಾಲ್ಕು ಇಂಚು ಒಳಗೆ ಹೋದರೂ ಕಪ್ಪೇ ಇದ್ದರೆ. ಅಂಥ ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ. ಹಿಂದಿನ ಮಾಲೀಕರು ರೇಡಿಯೊ, ಫಾಗ್ ಲ್ಯಾಂಪ್, ಕಳ್ಳಗಂಟೆ ಎಂದು ಕಂಡಕಂಡಲ್ಲಿ ತಂತಿ ಚುಚ್ಚಿ, ಮೂಲದ ಬಣ್ಣದ ಭಾಷೆಯೇ ಅಳಿಸಿಹೋಗಿದ್ದರೆ. ಎಲ್ಲಕ್ಕಿಂತ ಮುಖ್ಯವಾಗಿ, ಹಾರ್ನೆಸ್ಸಿನೊಳಗೆ ಒಂದೇ ಒಂದು ತಂತಿ ಒಮ್ಮೆ ಸುಟ್ಟಿದ್ದರೂ. ಏಕೆಂದರೆ ಒಂದು ತಂತಿ ಉದ್ದಕ್ಕೂ ಕೆಂಪಾಗಿ ಕಾದಾಗ ಅದನ್ನು ಅಪ್ಪಿಕೊಂಡ ಹತ್ತು ತಂತಿಗಳ ಹೊದಿಕೆಯೂ ಕರಗಿ ಅಂಟಿಕೊಂಡಿರುತ್ತದೆ. ಹೊರಗಿನಿಂದ ಟೇಪು ಸುತ್ತಿದ್ದು ಕಾಣುತ್ತದೆಯೇ ಹೊರತು ಒಳಗಿನ ಗಾಯ ಕಾಣದು. ಸುಟ್ಟ ತಂತಿಯೊಂದನ್ನೇ ಕತ್ತರಿಸಿ ಪಕ್ಕದಲ್ಲಿ ಹೊಸದೊಂದು ಎಳೆದು ಕೈತೊಳೆದುಕೊಳ್ಳುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ಬಣ್ಣಕ್ಕೋ ತಗಡು ಕೆಲಸಕ್ಕೋ ಕಾರನ್ನು ಪೂರ್ತಿ ಬಿಚ್ಚಿದ್ದರೂ ಬದಲಾಯಿಸುವುದು ವಿವೇಕ. ಬರೀ ಮೈಯ ಕಾರಿಗೆ ಹಾರ್ನೆಸ್ ಕೂರಿಸುವುದು ಸುಲಭದ ಕೆಲಸ. ಕಾರ್ಪೆಟ್, ಹೀಟರ್, ಡ್ಯಾಶ್‌ಬೋರ್ಡ್ ಎಲ್ಲ ಇರುವಾಗ ಅದು ನರಕಯಾತನೆ.

ಪೂರ್ತಿಯೇ ಬದಲಾಗಬೇಕೆಂದೂ ಇಲ್ಲ. ಎಷ್ಟೋ ಕಾರುಗಳಲ್ಲಿ ಹಾರ್ನೆಸ್ ಎರಡು ಮೂರು ತುಂಡುಗಳಲ್ಲಿದೆ. ನೆಲದಡಿ ಓಡಿ ಹಿಂದಿನ ದೀಪಗಳಿಗೆ ಹೋಗುವ ಭಾಗ ಕೆಸರು ತಿಂದು ಕೆಟ್ಟಿದ್ದರೆ ಅದನ್ನಷ್ಟೇ ಹೊಸದು ಹಾಕಬಹುದು.

ಹೊಸದು ಎಂದಾಗ ಮೂರು ದಾರಿ. ಮೊದಲನೆಯದು ಕಾರ್ಖಾನೆಯಲ್ಲಿದ್ದಂತೆಯೇ ಅದೇ ಬಣ್ಣ, ಅದೇ ಉದ್ದ, ಅದೇ ಕನೆಕ್ಟರ್ ಇಟ್ಟು ಮಾಡಿದ ಸಿದ್ಧ ಹಾರ್ನೆಸ್. ನಾಟಿಂಗ್‌ಹ್ಯಾಮ್ ಸಮೀಪದ ಸ್ಯಾಂಡಿಯೇಕರ್‌ನ ಆಟೊಸ್ಪಾರ್ಕ್ಸ್‌ನಂಥವರು ಬ್ರಿಟಿಷ್ ಕಾರುಗಳಿಗೆ ಇದನ್ನು ಮಾಡುತ್ತಾರೆ. ಹತ್ತಿನೂಲು ಹೆಣೆದ ಹಳೆಯ ಮಾದರಿಯನ್ನೂ ಮಾಡಿಕೊಡುತ್ತಾರೆ, ಒಳಗೆ ರಬ್ಬರಿನ ಬದಲು ಪಿವಿಸಿ ಇಟ್ಟು. ಎರಡನೆಯದು ಬಿಡಿ ತಂತಿ ತಂದು ತಾನೇ ಕಟ್ಟಿಕೊಳ್ಳುವುದು. ಮೂರನೆಯದು ಯಾವ ಕಾರಿಗಾದರೂ ಹಾಕಬಹುದೆಂದು ಅಮೆರಿಕದಲ್ಲಿ ಹೆಚ್ಚು ಮಾರುವ, ಹೊಸ ಬಗೆಯ ಬ್ಲೇಡ್ ಫ್ಯೂಸ್ ಪೆಟ್ಟಿಗೆ ಸಮೇತ ಬರುವ ಕಿಟ್. ಈ ಮೂರನೆಯದು ರೇಸಿಗೆ, ಎಂಜಿನ್ ಬದಲಾಯಿಸಿದ ಕಾರಿಗೆ ಸರಿ. ಮೂಲರೂಪದ ಕಾರಿಗೆ ಬೇಡ. ಇವತ್ತು ಹಾಕಿದವರಿಗೆ ಅರ್ಥವಾಗುವ ಬಣ್ಣ ನಾಳೆ ಕೊಂಡವರಿಗೆ ಅರ್ಥವಾಗುವುದಿಲ್ಲ. ಪುಸ್ತಕದ ನಕ್ಷೆಗೂ ಕಾರಿಗೂ ನಂಟು ಹರಿದುಹೋಗುತ್ತದೆ. ಸಿದ್ಧ ಹಾರ್ನೆಸ್ ಸಿಗುವ ಕಾರಿಗೆ ಮೊದಲ ದಾರಿಯೇ ಉತ್ತಮ. ಆದರೂ ಕೊಂಡದ್ದನ್ನು ಕಣ್ಣುಮುಚ್ಚಿ ಹಾಕಬೇಡಿ. ಹಳೆಯದನ್ನು ಕತ್ತರಿಸದೆ ಇಡಿಯಾಗಿ ಬಿಚ್ಚಿ, ಪ್ಲೈವುಡ್ ಹಲಗೆಯ ಮೇಲೆ ಚಾಚಿ, ಪಕ್ಕದಲ್ಲೇ ಹೊಸದನ್ನಿಟ್ಟು ಕವಲು ಕವಲಿಗೂ ಹೋಲಿಸಿ ನೋಡಿ. 1970ರ ದಶಕದ ಮಧ್ಯಭಾಗದ ನಂತರದ ಎಂಜಿಬಿಗಳಲ್ಲಿ ಇಗ್ನಿಷನ್ ಕಾಯಿಲ್‌ಗೆ ಹೋಗುವ ತಂತಿ ಮಾಮೂಲಿ ತಾಮ್ರದ್ದಲ್ಲ, ಕರೆಂಟು ತಗ್ಗಿಸುವ ಪ್ರತಿರೋಧ ತಂತಿ. ಗೊತ್ತಿಲ್ಲದೆ ಅದರ ಜಾಗದಲ್ಲಿ ಸಾದಾ ತಂತಿ ಹಾಕಿದವರ ಕಾಯಿಲ್ ಕಾದು ಕೆಟ್ಟದ್ದುಂಟು.

ಬಿಡಿ ತಂತಿ ಕೊಳ್ಳುವವರು ಗಾತ್ರದ ಲೆಕ್ಕ ತಿಳಿದಿರಬೇಕು. ಬ್ರಿಟಿಷ್ ಪದ್ಧತಿಯಲ್ಲಿ 14/0.30 ಎಂದರೆ 0.30 ಮಿ.ಮೀ. ದಪ್ಪದ 14 ಎಳೆ, ಅಂದರೆ 1 ಚದರ ಮಿ.ಮೀ. ತಾಮ್ರ, ಸುಮಾರು 8 ಆಂಪಿಯರ್‌ಗೆ ಸಾಕು, ಸಣ್ಣ ದೀಪಗಳಿಗೆ ಹೇಳಿದ್ದು. 28/0.30 ಇದರ ಎರಡರಷ್ಟು, ಹೆಡ್‌ಲೈಟಿಗೆ. 44/0.30 ಮೂರು ಚದರ ಮಿ.ಮೀ. ದಾಟುತ್ತದೆ, ಚಾರ್ಜಿಂಗ್ ತಂತಿಗೆ. ಡೈನಮೊ ತೆಗೆದು ಆಲ್ಟರ್ನೇಟರ್ ಹಾಕಿದವರು ಮರೆಯುವುದು ಇದನ್ನೇ. ಲ್ಯೂಕಾಸ್ ಸಿ40 ಡೈನಮೊ ಕೊಡುತ್ತಿದ್ದದ್ದು 22 ಆಂಪಿಯರ್. ಅದರ ಎರಡು ಪಟ್ಟು ಕೊಡುವ ಆಲ್ಟರ್ನೇಟರ್ ಕೂರಿಸಿ ಹಳೆಯ ತಂತಿಯನ್ನೇ ಉಳಿಸಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ. ಮನೆಯ ವೈರಿಂಗಿಗೆ ತರುವ ಒಂಟಿ ಎಳೆಯ ಗಟ್ಟಿ ತಂತಿಯಂತೂ ಕಾರಿಗೆ ಖಂಡಿತ ಬೇಡ. ಎಂಜಿನ್ ಅದುರುವಿಕೆಗೆ ಬಾಗಿ ಬಾಗಿ ಮುರಿಯುತ್ತದೆ.

ಕೀಲನ್ನು ಬೆಸೆಯಬೇಕೋ ಒತ್ತಬೇಕೋ ಎಂಬ ಜಗಳ ಹಳೆಯದು. ಬೆಸುಗೆ ಹಾಕಿದಾಗ ಸೀಸ ಎಳೆಗಳ ಸಂದಿಯಲ್ಲಿ ಏರಿ ತಂತಿಯನ್ನು ಕಡ್ಡಿಯಂತೆ ಗಟ್ಟಿಯಾಗಿಸುತ್ತದೆ. ಗಟ್ಟಿ ಮುಗಿದು ಮೆದು ಶುರುವಾಗುವ ಗೆರೆಯಲ್ಲಿ ಅದುರುವಿಕೆಗೆ ತಂತಿ ಮುರಿಯುತ್ತದೆ. ಸರಿಯಾದ ಕ್ರಿಂಪಿಂಗ್ ಪ್ಲೇಯರಿನಿಂದ ಒತ್ತಿದ ಕೀಲೇ ನನ್ನ ಆಯ್ಕೆ. ಸರಿಯಾದ ಪ್ಲೇಯರ್ ಎಂಬ ಮಾತಿಗೆ ಒತ್ತು ಕೊಡಿ. ಮಾಮೂಲಿ ಕಟಿಂಗ್ ಪ್ಲೇಯರಿನಲ್ಲಿ ಅಮುಕಿದ್ದು ಒತ್ತಿದ ಹಾಗಲ್ಲ. ತಂತಿಯ ಹೊದಿಕೆ ಚುಚ್ಚಿ ಕವಲು ತೆಗೆಯುವ ನೀಲಿ ಪ್ಲಾಸ್ಟಿಕ್ ಕ್ಲಿಪ್ಪುಗಳು ಎಲ್ಲಿ ಕಂಡರೂ ತೆಗೆದೆಸೆಯಿರಿ; ಅವುಗಳೊಳಗಿನ ಕತ್ತಿ ಕೆಲವು ಎಳೆಗಳನ್ನು ಕಡಿದಿರುತ್ತದೆ, ಗಾಯಕ್ಕೆ ನೀರು ಇಳಿಯುತ್ತದೆ.

ಕಾರ್ಖಾನೆಯವರು ಇಡದ ಫ್ಯೂಸನ್ನು ನಾವು ಇಡುವುದು ತಪ್ಪೇ? ಅಲ್ಲ ಎಂದು ಗಟ್ಟಿಯಾಗಿ ಹೇಳುತ್ತೇನೆ. ಹೆಡ್‌ಲೈಟಿಗೆ ಅವರು ಫ್ಯೂಸ್ ಇಡದಿದ್ದಕ್ಕೆ ಕಾರಣವಿತ್ತು: ರಾತ್ರಿ ಓಟದಲ್ಲಿ ಒಂದೇ ಫ್ಯೂಸ್ ಹೋಗಿ ಎರಡೂ ದೀಪ ಆರಿದರೆ ಅದೇ ದೊಡ್ಡ ಅಪಾಯ. ನಾಲ್ಕು ತಂತುಗಳಿಗೆ ನಾಲ್ಕು ಬೇರೆ ಫ್ಯೂಸ್ ಇಟ್ಟರೆ ಆ ಅಂಜಿಕೆ ಇರುವುದಿಲ್ಲ. ಜೊತೆಗೆ ಡಿಪ್ಪಿಗೊಂದು ಬ್ರೈಟಿಗೊಂದು ರಿಲೇ ಹಾಕಿದರೆ ಹಳೆಯ ಸ್ವಿಚ್ಚಿನ ಮೇಲಿನ ಹೊರೆ ಇಳಿದು, ಬ್ಯಾಟರಿ ಕರೆಂಟು ಚಿಕ್ಕ ದಾರಿಯಲ್ಲಿ ದೀಪ ಸೇರುತ್ತದೆ. ಕಂದು ತಂತಿ ಹೊರಡುವಲ್ಲೇ 50-60 ಆಂಪಿಯರಿನ ದೊಡ್ಡ ಫ್ಯೂಸ್ ಒಂದು, ಬ್ಯಾಟರಿಯ ಬಳಿ ಕೈಯಿಂದ ತಿರುಗಿಸುವ ಕಟ್-ಆಫ್ ಸ್ವಿಚ್ ಒಂದು. ಇದೆಲ್ಲ ಮೂಲ ಹಾರ್ನೆಸ್ಸನ್ನು ಕತ್ತರಿಸದೆ ಮಾಡಬಹುದಾದ ಕೆಲಸ. ಇನ್ನೊಂದು ಎಚ್ಚರಿಕೆ: ಲ್ಯೂಕಾಸಿನ ಹಳೆಯ ಗಾಜಿನ ಫ್ಯೂಸಿನ ಮೇಲೆ 35 ಎಂದಿದ್ದರೆ ಅದು ಸುಡುವ ಕರೆಂಟು, ಎಡೆಬಿಡದೆ ಹೊರಬಲ್ಲದ್ದು ಅದರ ಅರ್ಧ, 17 ಆಂಪಿಯರ್ ಮಾತ್ರ. ಹೊಸ ಕಾಲದ 35ರ ಫ್ಯೂಸು ಅಷ್ಟನ್ನೂ ಸಲೀಸಾಗಿ ಹೊರುತ್ತದೆ. ಸಂಖ್ಯೆ ನೋಡಿ ಅದನ್ನು ಹಾಕಿದರೆ ಫ್ಯೂಸಿಗಿಂತ ಮೊದಲು ತಂತಿ ಸುಡುತ್ತದೆ.

ಎಲ್ಲ ಕೂಡಿಸಿದ ಮೇಲೆ ಬ್ಯಾಟರಿಯನ್ನು ನೇರವಾಗಿ ಜೋಡಿಸಬೇಡಿ. ನಮ್ಮ ಊರಿನ ಎಲೆಕ್ಟ್ರಿಷಿಯನ್‌ಗಳ ಸೀರೀಸ್ ಬಲ್ಬಿನ ಉಪಾಯ ಇಲ್ಲಿ ಕೈಹಿಡಿಯುತ್ತದೆ. ಬ್ಯಾಟರಿಯ ಒಂದು ತುದಿಗೂ ಕೇಬಲ್ಲಿಗೂ ನಡುವೆ 21 ವ್ಯಾಟಿನ ಬ್ರೇಕ್ ಲೈಟ್ ಬಲ್ಬ್ ಇಡಿ. ಎಲ್ಲ ಸ್ವಿಚ್ ಆರಿಸಿರುವಾಗ ಬಲ್ಬು ಉರಿಯಬಾರದು. ಝಗ್ಗನೆ ಉರಿದರೆ ಎಲ್ಲೋ ಶಾರ್ಟ್ ಇದೆ. ಆದರೆ ಬಲ್ಬು ಎರಡು ಆಂಪಿಯರಿಗಿಂತ ಕಡಿಮೆಯನ್ನೇ ಬಿಡುವುದರಿಂದ ಹಾನಿ ಏನೂ ಆಗದು. ಶಾರ್ಟ್ ಹುಡುಕಿ ಸರಿಪಡಿಸಿ, ಬಲ್ಬು ಆರಿದ ಮೇಲಷ್ಟೇ ನೇರ ಜೋಡಣೆ.

ಮೂಲರೂಪ ಕೆಡುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಒಪ್ಪಿದ ಟ್ಯುರಿನ್ ಸನ್ನದು ಹಳೆಯ ಕಟ್ಟಡಗಳ ಸಂರಕ್ಷಣೆಯ ತತ್ವಗಳನ್ನೇ ವಾಹನಕ್ಕೂ ತಂದಿತು. ಅದರ ಆಶಯ ಸ್ಪಷ್ಟ: ಆದಷ್ಟು ಉಳಿಸಿ, ಬದಲಾಯಿಸಲೇಬೇಕಾದರೆ ಮತ್ತೆ ಹಿಂದಿನಂತೆ ಮಾಡಲು ಬರುವಂತೆ ಬದಲಾಯಿಸಿ, ಮಾಡಿದ್ದನ್ನು ದಾಖಲಿಸಿ. ಭಾರತದಲ್ಲಿ ಮೋಟಾರು ವಾಹನ ನಿಯಮಗಳ 2021ರ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ ವಾಹನಕ್ಕೆ ‘ವಿಎ’ ಸರಣಿಯ ನೋಂದಣಿ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಆ ಮೂರರ ಪಟ್ಟಿಯಲ್ಲಿ ವೈರಿಂಗ್ ಇಲ್ಲ. ಸುರಕ್ಷತೆಗಾಗಿ ಒಂದು ಫ್ಯೂಸ್ ಸೇರಿಸಿದರೆ ಕಾರಿನ ಮಾನ ಹೋಗುವುದಿಲ್ಲ.

ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿಂದ, ಹೆಚ್ಚು ಮಾರ್ಪಾಡಾಗದ 40 ವರ್ಷ ಮೀರಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅಂದರೆ ಸವೆದ ಕಂದು ತಂತಿಯನ್ನು ವರ್ಷಕ್ಕೊಮ್ಮೆಯಾದರೂ ಬೇರೆಯವರು ನೋಡುತ್ತಾರೆಂಬ ಭರವಸೆ ಈಗ ಅಲ್ಲಿಲ್ಲ. ಅಲ್ಲಿ ನೆಲೆಸಿ ಇಂಥ ಕಾರು ಇಟ್ಟುಕೊಂಡ ಕನ್ನಡಿಗರಿಗೂ, ಇಲ್ಲಿ ಗ್ಯಾರೇಜಿನಲ್ಲಿ ಹೆರಾಲ್ಡ್ ಮುಚ್ಚಿಟ್ಟವರಿಗೂ ನನ್ನ ವಿನಂತಿ ಒಂದೇ. ಹೊಸ ಹಾರ್ನೆಸ್‌ಗೆ ದುಡ್ಡು ಕಳಿಸುವ ಮೊದಲು ಬ್ಯಾಟರಿ ಬಿಚ್ಚಿ, ಟಾರ್ಚ್ ಹಿಡಿದು ಕಂದು ತಂತಿ ತಗಡು ದಾಟುವ ಪ್ರತಿಯೊಂದು ತೂತನ್ನೂ ನೋಡಿ. ಗ್ರೋಮೆಟ್ ಇಲ್ಲದಿದ್ದರೆ ಇವತ್ತೇ ಹಾಕಿ. ಹಾಗೆಯೇ ಗೇರ್‌ಬಾಕ್ಸಿನ ಅಡಿಗೆ ಒಮ್ಮೆ ಬಗ್ಗಿ, ಆ ತಾಮ್ರದ ಪಟ್ಟಿ ಇದೆಯೇ ನೋಡಿಕೊಳ್ಳಿ.